ತಿಂದದ್ದೆಷ್ಟು, ಅರಗಿದ್ದೆಷ್ಟು?



ನಮ್ಮ ಮೂಕಂಡಪಲ್ಲಿಗೆ ಹತ್ತಿರದಲ್ಲೇ ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ ಇದೆ. 1824ರಲ್ಲಿ ಶುರುವಾದದ್ದು. ಈಗ ಅದು ದನಗಳಿಗೆ ಹೆಸರುವಾಸಿ. ಒಂದು ಕಾಲದಲ್ಲಿ ಅಲ್ಲಿ ಸೈನ್ಯಕ್ಕಾಗಿ ಕುದುರೆಗಳನ್ನೂ ಸಾಕುತ್ತಿದ್ದರು. ಕುದುರೆ ಸಾಕುವವರಿಗೆ ಅಂದೂ ಇಂದೂ ಒಂದೇ ಚಿಂತೆ: ಹಾಕಿದ ಹುಲ್ಲು, ಹುರುಳಿಯಲ್ಲಿ ಮೈಗೆ ಹತ್ತಿದ್ದೆಷ್ಟು, ಲದ್ದಿಯಾಗಿ ಹೋದದ್ದೆಷ್ಟು?

“ಏನ್ ಸಾರ್, ಲದ್ದಿ ಪಾಠಾನಾ!” ಅಂತ ಮೂಗು ಮುಚ್ಚಬೇಡಿ. ಹಸುವಿನ ಲೆಕ್ಕ ಕುದುರೆಗೆ ಹೊಂದುವುದಿಲ್ಲ. ಹಸು ಮೆಲುಕು ಹಾಕುತ್ತದೆ, ಅದರ ಹೊಟ್ಟೆಯಲ್ಲಿ ನಾಲ್ಕು ಭಾಗ. ಕುದುರೆಗೂ ತಟ್ಟುವಿಗೂ (ಪೋನಿ) ಜಠರ ಒಂದೇ. ನಾರನ್ನು ಒಡೆಯುವ ಸೂಕ್ಷ್ಮಜೀವಿಗಳು ಸಣ್ಣಕರುಳು ದಾಟಿದ ಮೇಲೆ, ದೊಡ್ಡಕರುಳಿನ ಭಾಗದಲ್ಲಿವೆ. ಹಾಗಾಗಿ ಕುದುರೆಯನ್ನು ಕುದುರೆಯಲ್ಲೇ ಅಳೆಯಬೇಕು.

ನೇರ ದಾರಿ ಒಂದಿದೆ. ತಿಂದ ಮೇವನ್ನೆಲ್ಲ ತೂಗಿ, ನಾಲ್ಕೈದು ದಿನ ಬಿದ್ದ ಲದ್ದಿಯನ್ನೆಲ್ಲ ಹಿಂದೆ ಚೀಲ ಕಟ್ಟಿ ಹಿಡಿದು, ಒಣಗಿಸಿ ತೂಗುವುದು. ಹಗಲು ರಾತ್ರಿ ಕಾಯುವ ಕೆಲಸ. ಬಯಲಲ್ಲಿ ಮೇಯುವ ಕುದುರೆಗೆ ಇದು ಇನ್ನೂ ಕಷ್ಟ.

ಅದಕ್ಕೇ ಜಾಣ ದಾರಿಯೊಂದನ್ನು ಕಂಡುಕೊಂಡಿದ್ದಾರೆ: ಅರಗದ ಗುರುತು ವಸ್ತು, ಅಂದರೆ ಮಾರ್ಕರ್. ಮನೆಯಲ್ಲೇ ಮಾಡಿ ನೋಡಿ. 98 ಹುರುಳಿಕಾಳು, 2 ಗಾಜಿನ ಮಣಿ ಬೆರೆಸಿ. ಎಣಿಕೆಯನ್ನೇ ತೂಕ ಅಂದುಕೊಳ್ಳಿ. ಮೇವಿನಲ್ಲಿ ಮಣಿ ಶೇಕಡಾ 2. ಈಗ 60 ಕಾಳು ತೆಗೆದುಬಿಡಿ, ಅಷ್ಟು ಅರಗಿತು. ಉಳಿದ 40ರಲ್ಲಿ ಮಣಿ 2, ಅಂದರೆ ಶೇಕಡಾ 5. ಎರಡನ್ನು ಐದರಿಂದ ಭಾಗಿಸಿದರೆ 0.4, ಒಂದರಿಂದ ಕಳೆದರೆ 0.6. ಶೇಕಡಾ 60 ಅರಗಿದೆ! ಲದ್ದಿಯನ್ನೆಲ್ಲ ಹೊರುವುದೇ ಬೇಕಿಲ್ಲ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಮಾದರಿ ಸಾಕು.

ನಿಜವಾದ ಪ್ರಯೋಗದಲ್ಲಿ ಮಣಿಯ ಬದಲು ಕ್ರೋಮಿಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಹುಲ್ಲಿನಲ್ಲೇ ಇರುವ ಗುರುತೂ ಉಂಟು. ಹುಲ್ಲಿನ ಅಂಚು ಕೈ ಕೊಯ್ಯುತ್ತದಲ್ಲ, ಅದರಲ್ಲಿ ಸಿಲಿಕಾ ಇರುತ್ತದೆ. ಹುಲ್ಲನ್ನು ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕುದಿಸಿದರೂ ಅದು ಕರಗದೆ ಉಳಿಯುತ್ತದೆ.

ಈಗ ನನ್ನ ಮಾತಿಗೆ ಬರುತ್ತೇನೆ. ಈ ವಿಧಾನ ಒಳ್ಳೆಯದೇ, ಆದರೆ ಕಣ್ಣು ಮುಚ್ಚಿ ನಂಬಬಾರದು. ಲದ್ದಿಯನ್ನು ನೆಲದಿಂದ ಎತ್ತಿದಿರಿ, ಒಂದಿಷ್ಟು ಮರಳೂ ಅಂಟಿಕೊಂಡು ಬಂತು ಅಂದುಕೊಳ್ಳಿ. ಮರಳೂ ಸಿಲಿಕಾವೇ! ನಿಮ್ಮ 40ಕ್ಕೆ ಇನ್ನೆರಡು ಮಣಿ ಹಾಕಿ: 42ರಲ್ಲಿ 4, ಅಂದರೆ ಸುಮಾರು ಶೇಕಡಾ 9.5. ಲೆಕ್ಕ ಮಾಡಿದರೆ ಶೇಕಡಾ 79 ಅರಗಿದೆ ಅನ್ನುತ್ತದೆ. ಹುಲ್ಲು ಅದೇ, ಕುದುರೆ ಅದೇ. ಮಣ್ಣು ಸೇರಿದ್ದಕ್ಕೆ ಮೇವು ‘ಒಳ್ಳೆಯದಾಗಿ’ಬಿಟ್ಟಿತು. ಮಣಿ ಎಲ್ಲೋ ಕಳೆದುಹೋದರೆ ಉತ್ತರ ಉಲ್ಟಾ, ಕಡಿಮೆ ಬರುತ್ತದೆ.

ಇದು ಬರೀ ಅಂಕಿಯ ತಪ್ಪಲ್ಲ. 79 ಅನ್ನುವುದನ್ನು ನಂಬಿ ಯಜಮಾನ ಮೇವು ಕಡಿಮೆ ಮಾಡಿದರೆ ಬಡವಾಗುವುದು ಕುದುರೆ. “ನಿನ್ನ ಲೆಕ್ಕ ತಪ್ಪು” ಅಂತ ಅದು ಹೇಳಲಾರದು. ಆದ್ದರಿಂದ ಕೊಟ್ಟ ಮಾರ್ಕರ್‌ನಲ್ಲಿ ವಾಪಸ್ ಬಂದದ್ದೆಷ್ಟು ಎಂದು ಕೆಲವು ಕುದುರೆಗಳ ಲದ್ದಿಯನ್ನಾದರೂ ಪೂರ್ತಿ ಹಿಡಿದು ತೂಗಿ ನೋಡಲೇಬೇಕು. ಆ ಪರೀಕ್ಷೆ ಇಲ್ಲದ ಅಂಕಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅರ್ಧ ಉತ್ತರ ಅಂತಲೇ ನನ್ನ ಅಭಿಪ್ರಾಯ.

ನಮ್ಮ ಲ್ಯಾಬಿನಲ್ಲೂ ಅಷ್ಟೇ. ಪುಸ್ತಕದ ಉತ್ತರ ಬರಲಿಲ್ಲ ಅಂತ ಎಷ್ಟು ಜನ ಅಂಕಿಯನ್ನು ಅಳಿಸಿ ತಿದ್ದುತ್ತೀರಿ, ನನಗೆ ಗೊತ್ತು. ನಾನೂ ಆ ವಯಸ್ಸಲ್ಲಿ ತಿದ್ದಿದವನೇ. ಇನ್ನು ಮೇಲೆ ರಬ್ಬರ್ ಕೆಳಗಿಡಿ. ಎಲ್ಲಿ ಮರಳು ಸೇರಿತು, ಎಲ್ಲಿ ಮಣಿ ಕಳೆಯಿತು ಅಂತ ಹುಡುಕಿ, ಸಿಕ್ಕಿದ್ದನ್ನು ಅಂಕಿಯ ಪಕ್ಕದಲ್ಲೇ ಬರೆದಿಡಿ. ಅದಕ್ಕೆ ನಾನು ಅಂಕ ಕಡಿಮೆ ಮಾಡುವುದಿಲ್ಲ.