ಸವಣೂರಿನ ದೊಡ್ಡ ಹುಣಸೆ, ನಮ್ಮ ಹಿತ್ತಲಿನ ಸಸಿ

ಹಿರೇಕೆರೂರಿನಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. “ದೊಡ್ಡವ್ವಾ, ಹೂಗುಚ್ಛದಾಗ ಬೆಳ್ಳಿಬಣ್ಣದ ದುಂಡನ್ನ ಎಲಿ ಇಡತಾರಲ್ಲ, ಆ ನೀಲಗಿರಿ ನಮ್ಮ ಹಿತ್ತಲದಾಗ ಹಚ್ಚೂಣೇನು?”

ಅದು ಆಸ್ಟ್ರೇಲಿಯಾದ ತಂಪು ಸೀಮೆಯ ಗಿಡ. ನಮ್ಮ ಏಪ್ರಿಲ್ ಬಿಸಿಲಿಗೆ ಒಗ್ಗುವುದು ಕಷ್ಟ. ಬಿಸಿಲಿಗೆ ಅಂಜದ ಅಪರೂಪದ ಮರವೇ ಬೇಕಿದ್ದರೆ ಸವಣೂರಿಗೆ ಹೋಗಿ ನೋಡಿ, ಮಕ್ಕಳೇ. (ಬರುವಾಗ ಖಾರ ಕಟ್ಟಿಸಿಕೊಂಡು ಬನ್ನಿ.) ಅಲ್ಲಿನ ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಆನೆಯ ಮೈಬಣ್ಣದ ಮೂರು ಭಾರಿ ಮರಗಳು. ಆಫ್ರಿಕಾ ಮೂಲದ ಬಾವೊಬಾಬ್ ಇವು. 1749ರಲ್ಲಿ ಸೆನೆಗಲ್‌ನಲ್ಲಿ ಈ ಮರ ಕಂಡ ಫ್ರೆಂಚ್ ಸಸ್ಯವಿಜ್ಞಾನಿ ಮಿಶೆಲ್ ಅಡಾನ್ಸನ್‌ರಿಂದ ಇದಕ್ಕೆ ಅಡಾನ್ಸೋನಿಯಾ ಎಂಬ ಹೆಸರು ಬಂತು. ಕಾಯಿಯ ತಿರುಳು ಹುಳಿ. ಹಾಗಾಗಿ ನಮಗೆ ದೊಡ್ಡ ಹುಣಸೆ. ದಪ್ಪ ಕಾಂಡದೊಳಗೆ ನೀರು ಕೂಡಿಟ್ಟುಕೊಳ್ಳುತ್ತದೆ. ರಾತ್ರಿ ಅರಳುವ ಬಿಳಿ ಹೂವಿಗೆ ಬಾವಲಿಗಳು ಬರುತ್ತವೆ.

2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಮೇಲಾಗಿ ಬಿತ್ತು. ಕೊಂಬೆ ಕತ್ತರಿಸಿ, ಯಂತ್ರಗಳಿಂದ ಎತ್ತಿ ಅದನ್ನು ಮತ್ತೆ ನೆಟ್ಟರು. ಆ ಸುದ್ದಿ ಓದಿದ ದಿನವೇ ನಾನು ಡಬ್ಬಿಯಲ್ಲಿಟ್ಟಿದ್ದ ಬೀಜ ಹೊರತೆಗೆದೆ.

ಬೀಜದ ಸಿಪ್ಪೆ ಬಲು ಗಟ್ಟಿ. ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಬೇಕು. ಶಿಗ್ಗಾವಿಯ ನಮ್ಮ ಹಿತ್ತಲಿನಲ್ಲಿ ಆರು ಬೀಜ ಊರಿದೆ, ಎರಡು ಮೊಳೆತವು. ಮೊದಮೊದಲು ಒಂಟಿ ಎಲೆ, ಆಮೇಲೆ ಅಂಗೈಯ ಬೆರಳಿನಂತೆ ಐದೈದು. ಚಳಿಗಾಲ ಬಂತು, ಎಲೆ ಉದುರಿದವು. ಪಾಪ, ನೀರಡಿಸಿದೆ ಎಂದು ಒಂದಕ್ಕೆ ದಿನಾ ಕೊಡ ಸುರಿದೆ. ಸಂಕ್ರಾಂತಿಗೆ ಬುಡ ಮೆತ್ತಗಾಗಿ, ಹಿಡಿದರೆ ಕೈಗೇ ಬಂತು. ಎಲೆ ಉದುರಿಸಿ ಮಲಗುವುದು ಈ ಗಿಡದ ಸ್ವಭಾವ. ಆಗ ನೀರು ಬಿಡಬಾರದು. ಹೇಳಿಕೊಡುವವರಿರಲಿಲ್ಲ, ನಾನೂ ಕೇಳಲಿಲ್ಲ.

ಹಾನಗಲ್ಲ ಕಡೆ ಮಳೆ ಹೆಚ್ಚು. ಅಲ್ಲಿಯವರು ನೀರು ನಿಲ್ಲದ ದಿಬ್ಬದಲ್ಲಿ ಹಚ್ಚಿ. ಎರೆಮಣ್ಣಿದ್ದವರು ಮರಳು, ಮಸಾರಿ ಬೆರೆಸಿಕೊಳ್ಳಿ. ಮನೆ ಗೋಡೆಯ ಹತ್ತಿರ ಮಾತ್ರ ಬೇಡವೇ ಬೇಡ. ಜಾಗವಿಲ್ಲದಿದ್ದರೆ ದೊಡ್ಡ ಕುಂಡದಲ್ಲಿಯೇ ಕೆಲವು ವರ್ಷ ಇರುತ್ತದೆ.

ಉಳಿದ ಇನ್ನೊಂದು ಸಸಿಯನ್ನು ತಂಗಿಯ ಮಗಳಿಗೇ ಕೊಟ್ಟೆ. ಮೊನ್ನೆ ಅಳುತ್ತ ಫೋನ್ ಮಾಡಿದಳು: “ದೊಡ್ಡವ್ವಾ, ಬರೇ ಕಡ್ಡಿ ಉಳದೈತಿ, ಸತ್ತೈತಿ!”

“ಉಗುರಿನಿಂದ ತೊಗಟಿ ಒಂಚೂರು ಕೆರದು ನೋಡು.”

ಸ್ವಲ್ಪ ಹೊತ್ತು ಮಾತಿಲ್ಲ.

“ಹಸರ ಐತಿ.”