ಯಾರು ಗೆಲ್ತಾರೆ ಅನ್ನೋದು ಅಭಿಪ್ರಾಯವಲ್ಲ

2024ರ ಜೂನ್ 4ರ ಮಧ್ಯಾಹ್ನ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಊಟಕ್ಕಿಂತ ಮಾತು ಜಾಸ್ತಿ ಇತ್ತು. ಮೂಲೆಯ ಟಿವಿಯಲ್ಲಿ ಲೋಕಸಭೆಯ ಮತ ಎಣಿಕೆ. ಕರ್ನಾಟಕದಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2 ಎಂಬಲ್ಲಿಗೆ ಲೆಕ್ಕ ಬಂದು ನಿಲ್ಲುವ ಹೊತ್ತಿಗೆ ನಮ್ಮ ವಿಶ್ಲೇಷಣೆಯೂ ಮುಗಿದಿತ್ತು. “ಹೆಂಗಸರು ಎರಡು ಸಾವಿರ ತಗೊಂಡು ಕೈಗೇ ಕೈ ಕೊಟ್ರು” ಎಂದಳು ಗೆಳತಿ. ಎಲ್ಲರೂ ನಕ್ಕೆವು.

ಅದು ಮಹಿಳಾ ಹಾಸ್ಟೆಲು. ಆಡಿದವಳು, ಕೇಳಿದವರು, ನಕ್ಕವರು ಎಲ್ಲ ಹೆಂಗಸರೇ. ಎಲ್ಲರ ಬ್ಯಾಗಿನಲ್ಲೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಬಸ್ ಟಿಕೆಟುಗಳು. ಆದರೂ ಆ ವಾಕ್ಯದ ‘ಹೆಂಗಸರು’ ನಾವಲ್ಲ, ಇನ್ಯಾರೋ. ಎಲ್ಲೋ ದೂರದಲ್ಲಿ ಸಾಲಾಗಿ ನಿಂತು, ದುಡ್ಡು ಎಣಿಸಿಕೊಂಡು ಬಟನ್ ಒತ್ತುವವರು.

ಅವರಲ್ಲೊಬ್ಬರು ಅಲ್ಲೇ ಸಾಂಬಾರಿನ ಸೌಟು ಹಿಡಿದು ನಿಂತಿದ್ದರು. ಮೆಸ್ಸಿನ ಅಕ್ಕ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. “ಈಸ್ಕಂಡ್ರು ಅಂತೀರಲ್ಲ ಮೇಡಂ, ಅದೇನು ಅವರ ಮನೆ ದುಡ್ಡಾ? ನಮ್ಮೂರಿಗೆ ಬರೋದು ಎರಡೇ ಬಸ್ಸು. ಫ್ರೀ ಆದ್ಮೇಲೆ ಹತ್ತೋಕೇ ಜಾಗ ಇಲ್ಲ. ಫ್ರೀ ತೆಗೀರಿ ಅಂತ ನಾನು ಹೇಳ್ತಿಲ್ಲ, ಇನ್ನೊಂದು ಬಸ್ಸು ಬಿಡ್ರಪ್ಪ ಅಂತಿದೀನಿ. ಓಟು ಕೇಳೋಕೆ ಬಂದೋರಿಗೆ ಅದನ್ನೇ ಹೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.” ಇಷ್ಟು ಹೇಳಿ ನನ್ನ ತಟ್ಟೆಗೆ ಬಡಿಸುತ್ತಾ ಕೇಳಿದರು: “ನೀವು ಊರಿಗೆ ಹೋಗಿ ಓಟು ಹಾಕಿ ಬಂದ್ರಾ?”

ನಾನು ಹೋಗಿರಲಿಲ್ಲ. ನನ್ನ ಓಟು ಇರುವುದು ಸಾಗರ ತಾಲ್ಲೂಕಿನಲ್ಲಿ. ಶಿವಮೊಗ್ಗ ಕ್ಷೇತ್ರದ ಮತದಾನ ಮೇ 7ರಂದು ಇತ್ತು. ಆ ವಾರ ಒಂದು ಸೆಮಿನಾರಿಗೆ ಪ್ರಬಂಧ ಬರೆದು ಕಳಿಸಬೇಕಿತ್ತು ಎಂಬುದು ನನ್ನ ನೆಪ. ಕ್ಷೇತ್ರವಾರು ಸೋಲು ಗೆಲುವು ಹೇಳುತ್ತಾ ತಿಂಗಳುಗಟ್ಟಲೆ ಓಡಾಡಿದ ನಾನು, ನನ್ನದೇ ಕ್ಷೇತ್ರದಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡಿರಲಿಲ್ಲ.

ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವ ಮಾತು ಇದು. ಆ ಮೆಸ್ಸಿನಲ್ಲಿ ಹತ್ತು ಜನ ಪಿಎಚ್‌ಡಿ ವಿದ್ಯಾರ್ಥಿನಿಯರಿದ್ದೆವು. ಆದರೆ ಚುನಾವಣೆಯ ಬಗ್ಗೆ ಅಭಿಪ್ರಾಯ ಇದ್ದದ್ದು ಅಕ್ಕನಿಗೆ ಒಬ್ಬರಿಗೇ. ನಮ್ಮ ಹತ್ತಿರ ಇದ್ದದ್ದು ಬರೀ ಊಹೆ.

ಹರಟೆಯನ್ನು ಬೈಯುವುದು ನಮ್ಮ ವಿದ್ವತ್ ವಲಯದ ಹಳೆಯ ಚಾಳಿ. ಬಿಗ್‌ಬಾಸ್ ನೋಡುವವರು ಕೆಟ್ಟರು, ಸಿನಿಮಾ ಮಾತಾಡುವವರು ಹಾಳಾದರು ಎಂಬ ಉಪನ್ಯಾಸವನ್ನು ನಾನು ಇಲ್ಲಿ ಕೊಡುತ್ತಿಲ್ಲ. ಹರಟೆ ಬೇಕು. ಕಟ್ಟೆ, ಕ್ಯಾಂಟೀನು, ಬಸ್‌ಸ್ಟ್ಯಾಂಡುಗಳಲ್ಲಿ ಜನ ಹೊಣೆಯಿಲ್ಲದೆ ಆಡುವ ಮಾತಿನಲ್ಲೇ ಪ್ರಜಾಪ್ರಭುತ್ವ ಉಸಿರಾಡುತ್ತದೆ. ನನ್ನ ತಕರಾರು ಬೇರೆ. ನಮ್ಮ ಹರಟೆಯಿಂದ ‘ನಾನು’ ಕಾಣೆಯಾಗಿದೆ. ಚುನಾವಣೆಯಿರಲಿ, ರಿಯಾಲಿಟಿ ಶೋ ಇರಲಿ, ಸಿನಿಮಾ ಇರಲಿ, ನಾವು ಹೇಳುವುದು ನಮಗೆ ಏನನ್ನಿಸಿತು ಎಂದಲ್ಲ; ಬೇರೆಯವರಿಗೆ ಏನನ್ನಿಸಬಹುದು ಎಂದು. ಯಾರು ಗೆಲ್ಲುತ್ತಾರೆ, ಯಾರು ಎಲಿಮಿನೇಟ್ ಆಗುತ್ತಾರೆ, ಯಾವುದು ನೂರು ಕೋಟಿ ದಾಟುತ್ತದೆ ಎನ್ನುವ ಮೂರೂ ಒಂದೇ ಪ್ರಶ್ನೆ. ಮೂರೂ ಬಾಜಿ ಕಟ್ಟುವವನ ಪ್ರಶ್ನೆ.

ನನ್ನ ಕ್ಷೇತ್ರದ್ದೇ ಉದಾಹರಣೆ ತಗೊಳ್ಳಿ. ಆ ಸಲ ಶಿವಮೊಗ್ಗದಲ್ಲಿ ಬಿ.ವೈ. ರಾಘವೇಂದ್ರ, ಗೀತಾ ಶಿವರಾಜಕುಮಾರ್, ಬಂಡಾಯವೆದ್ದ ಈಶ್ವರಪ್ಪ ಕಣದಲ್ಲಿದ್ದರು. ನಾವು ಎಷ್ಟು ಮಾತಾಡಿದೆವು! ಈಶ್ವರಪ್ಪ ಎಷ್ಟು ಓಟು ಒಡೆಯುತ್ತಾರೆ, ಶಿವಣ್ಣ ಪ್ರಚಾರಕ್ಕೆ ಬಂದರೆ ಅಭಿಮಾನ ಓಟಾಗುತ್ತದಾ, ಯಾವ ಜಾತಿ ಎತ್ತ ವಾಲುತ್ತದೆ. ಇಷ್ಟರಲ್ಲಿ ಒಮ್ಮೆಯಾದರೂ ಶರಾವತಿ ಮುಳುಗಡೆಯವರ ಮಾತು ಬಂತಾ? ಲಿಂಗನಮಕ್ಕಿಗಾಗಿ ಮನೆ ಗದ್ದೆ ಬಿಟ್ಟು ಬಂದ ಕುಟುಂಬಗಳ ಮೂರನೇ ತಲೆಮಾರು ಇವತ್ತೂ ಹಕ್ಕುಪತ್ರಕ್ಕೆ ಅಲೆಯುತ್ತಿದೆ. ತುಮರಿ ಕಡೆಯ ನನ್ನ ಚಿಕ್ಕಮ್ಮ ಆಗ ಆಸ್ಪತ್ರೆಗೆ ಹೋಗಬೇಕೆಂದರೂ ಲಾಂಚಿಗೆ ಕಾಯಬೇಕಿತ್ತು. ಸಿಗಂದೂರು ಸೇತುವೆ ಜನರ ಓಡಾಟಕ್ಕೆ ಸಿಕ್ಕಿದ್ದು 2025ರ ಜುಲೈನಲ್ಲಿ. ಇದೆಲ್ಲ ನನಗೆ ಗೊತ್ತಿತ್ತು, ಮನೆಯದೇ ಸಂಗತಿ. ಆದರೆ ಮಾತಿಗೆ ಕೂತಾಗ ನಾನು ಚಿಕ್ಕಮ್ಮನನ್ನು ಬಿಟ್ಟು ಶೇಕಡಾವಾರು ಹಿಡಿದೆ. ಅದು ಬುದ್ಧಿವಂತಿಕೆ ಅನ್ನಿಸುತ್ತಿತ್ತು.

ಮತದಾನ ಮುಗಿಯುವ ತನಕ ಎಕ್ಸಿಟ್ ಪೋಲ್ ಪ್ರಕಟಿಸಬಾರದು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಂ ಹೇಳುತ್ತದೆ. ಊಹೆ ತೀರ್ಮಾನವನ್ನು ಕೆಡಿಸುತ್ತದೆ ಎಂಬ ಅಂಜಿಕೆ ಕಾನೂನಿಗೂ ಇದೆ. ನಾವು ಮಾತ್ರ ವರ್ಷವಿಡೀ ಎಕ್ಸಿಟ್ ಪೋಲು ನಡೆಸುತ್ತೇವೆ. ಅದರಲ್ಲಾದರೂ ನಿಪುಣರೇ? 2024ರಲ್ಲಿ ಹಲವು ಸಮೀಕ್ಷೆಗಳು ಎನ್‌ಡಿಎಯನ್ನು 350 ದಾಟಿಸಿದ್ದವು; ಬಂದದ್ದು 293. ಯಾರಿಗೂ ನಾಚಿಕೆಯಾಗಲಿಲ್ಲ. ಮರುದಿನದಿಂದ ಮುಂದಿನ ಊಹೆ ಶುರು.

ಗೆಲ್ಲುವವರಿಲ್ಲದ ಕಡೆ ನಮಗೆ ಮಾತೇ ಹುಟ್ಟುವುದಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಕರ್ನಾಟಕದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಕ್ಕನ ಊರಿನ ರಸ್ತೆ, ಶಾಲೆಗಳ ಮಾತೆಲ್ಲ ನಡೆಯಬೇಕಾದದ್ದು ಅಲ್ಲೇ ತಾನೇ? ಚುನಾವಣೆ ನಡೆದರೆ ಇಷ್ಟುದ್ದ ಮಾತಾಡುವ ನಾವು, ನಡೆಯದೇ ಹೋದದ್ದರ ಬಗ್ಗೆ ಒಂದು ಸಂಜೆಯೂ ಹರಟಲಿಲ್ಲ. ಓಟವೇ ಇಲ್ಲದ ಮೇಲೆ ಕುದುರೆಯ ಮಾತೆಲ್ಲಿ!

ರಾತ್ರಿ ಒಂಬತ್ತೂವರೆಗೆ ಅದೇ ಮೆಸ್ಸಿನ ಟಿವಿಯಲ್ಲಿ ಬಿಗ್‌ಬಾಸ್. ನಾವು ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಆರ್ವೆಲ್‌ನ ಕಾದಂಬರಿ ಓದಿದವರು, ‘ಬಿಗ್ ಬ್ರದರ್’ ಎಂಬ ಹೆಸರು ಎಲ್ಲಿಂದ ಬಂತು ಎಂದು ಬಲ್ಲವರು. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಆ ಆಟ 2013ರಲ್ಲಿ ಕನ್ನಡಕ್ಕೆ ಬಂದದ್ದನ್ನೂ ಬಲ್ಲೆವು. ಅಷ್ಟು ಗೊತ್ತಿದ್ದು ನಾವು ಆಡುವ ಮಾತು: “ಅವಳು ಅಳ್ತಿರೋದು ಸ್ಟ್ರಾಟಜಿ.” “ಇವನು ಗೇಮ್ ಚೆನ್ನಾಗಿ ಆಡ್ತಿದಾನೆ.”

2024ರ ಸೆಪ್ಟೆಂಬರ್ ಕೊನೆಗೆ ಹನ್ನೊಂದನೇ ಸೀಸನ್ ಶುರುವಾದಾಗ ಮನೆಯನ್ನು ಸ್ವರ್ಗ, ನರಕ ಎಂದು ಎರಡು ಭಾಗ ಮಾಡಿದ್ದರು. ಸ್ವರ್ಗದವರಿಗೆ ಸೌಕರ್ಯ, ನರಕದವರಿಗೆ ಗಂಜಿ. ಸ್ಪರ್ಧಿಗಳನ್ನು ನಡೆಸಿಕೊಂಡ ರೀತಿಯ ಬಗ್ಗೆ ರಾಜ್ಯ ಮಹಿಳಾ ಆಯೋಗದ ತನಕ ದೂರು ಹೋಯಿತು. ಮಹಿಳಾ ಅಧ್ಯಯನದ ಪ್ರಬಂಧ ಬರೆಯುತ್ತಿದ್ದ ನಮ್ಮ ಸಾಲಿನಲ್ಲಿ ಆವತ್ತು ಬಂದ ಪ್ರತಿಕ್ರಿಯೆ: “ಟಿಆರ್‌ಪಿಗೋಸ್ಕರ ಮಾಡ್ತಾರೆ ಬಿಡೇ, ಗೊತ್ತಿರೋದೇ.” ಟಿಆರ್‌ಪಿಗಾಗಿ ಮಾಡುತ್ತಾರೆ ಎಂಬುದು ಕಾರಣ. ಮಾಡಿದ್ದು ಸರಿಯೋ ತಪ್ಪೋ ಎಂಬುದು ಅಭಿಪ್ರಾಯ. ಕಾರಣ ಹೇಳಿದ ಕೂಡಲೇ ಅಭಿಪ್ರಾಯ ಹೇಳಿದಷ್ಟು ಸಮಾಧಾನ ನಮಗೆ ಆಗಿಬಿಡುತ್ತದೆ. ಅಕ್ಕ ಪಾತ್ರೆ ಎತ್ತುತ್ತಾ ಟಿವಿ ಕಡೆ ನೋಡಿ, “ಊಟದಲ್ಲಿ ಭೇದ ಮಾಡೋದು ಒಂದು ಆಟಾನಾ?” ಎಂದಿದ್ದರು. ನಾವು ಅದನ್ನು ಮುಗ್ಧತೆ ಎಂದುಕೊಂಡೆವು. ಅದು ತೀರ್ಪು.

ಆ ಸೀಸನ್ನಿನಲ್ಲಿ ನಡುವೆ ಬಂದು ಸೇರಿದ ಹಾವೇರಿ ಜಿಲ್ಲೆಯ ಹನುಮಂತ ಗೆದ್ದಾಗ ನಮ್ಮ ಮೇಜಿನ ವಿವರಣೆ ಸಿದ್ಧವಾಗಿತ್ತು: “ಜನಕ್ಕೆ ಇಂಥವರೇ ಇಷ್ಟ, ಸಿಂಪಥಿ ಓಟು.” ಮತ್ತೆ ಅದೇ ‘ಜನ’. ಓಟು ಹಾಕಿದವರಿಗೆ ಅವರ ಹಾಡು, ಮಾತಿನ ವರಸೆ ನಿಜಕ್ಕೂ ಹಿಡಿಸಿರಬಹುದು ಎಂಬ ಸರಳ ಸಾಧ್ಯತೆ ನಮಗೆ ಹೊಳೆಯಲೇ ಇಲ್ಲ. ಗಮನಿಸಿ, ನಾವು ಊಹಿಸುವ ‘ಜನ’ ಯಾವಾಗಲೂ ನಮಗಿಂತ ಒಂದು ಮೆಟ್ಟಿಲು ಕೆಳಗಿರುತ್ತಾರೆ. ಸುಲಭವಾಗಿ ಅಳುತ್ತಾರೆ, ಸುಲಭವಾಗಿ ಮರುಳಾಗುತ್ತಾರೆ, ಎರಡು ಸಾವಿರಕ್ಕೆ ಸಿಗುತ್ತಾರೆ.

ನನಗೆ ಅತಿ ಹೆಚ್ಚು ನೋವು ಕೊಡುವುದು ಮಾತ್ರ ಒಂದು ಸಿನಿಮಾದ ನೆನಪು. 2023ರ ಡಿಸೆಂಬರ್ ಕೊನೆಯಲ್ಲಿ ‘ಕಾಟೇರ’ ಬಂತು. ಗೇಣಿದಾರರ ಕತೆ, ಉಳುವವನೇ ಭೂಮಿಯ ಒಡೆಯ ಎಂಬ ಕಾನೂನಿನ ಹಿನ್ನೆಲೆ. ನಾವು ಆರು ಜನ ಹೋಗಿ ನೋಡಿ ಬಂದೆವು. ಹೊರಗೆ ಬಂದು ಟೀ ಕುಡಿಯುತ್ತಾ ನಾನು ಹೇಳಿದ್ದು ಚೆನ್ನಾಗಿ ನೆನಪಿದೆ: “ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್. ಆದ್ರೂ ಮಾಸ್ ಆಡಿಯನ್ಸ್‌ಗೆ ವರ್ಕೌಟ್ ಆಗುತ್ತೆ.”

ನಾನು ಸಾಗರದವಳು. ಗೇಣಿ ಅಳೆಯುವ ಕೊಳಗದ ತಕರಾರಿನಿಂದ 1951ರಲ್ಲಿ ಕಾಗೋಡು ಸತ್ಯಾಗ್ರಹ ಎದ್ದದ್ದು ನಮ್ಮ ತಾಲ್ಲೂಕಿನಲ್ಲಿ. ನನ್ನ ಅಜ್ಜ ಗೇಣಿದಾರ. 1974ರ ತಿದ್ದುಪಡಿ ಬಂದ ಮೇಲೆ ಒಡೆಯರ ಮನೆಯವರು ಕರೆಸಿ ಗದರಿಸಿದರೂ ಕೇಳದೆ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿಗೆ ತಿರುಗಿ ತಿರುಗಿ ಒಂದೂವರೆ ಎಕರೆ ಗದ್ದೆ ಮಾಡಿಕೊಂಡವರು. ಆ ಗದ್ದೆಯ ಭತ್ತದಲ್ಲಿ ಅಪ್ಪ ಓದಿದರು, ಅಪ್ಪ ಓದಿದ್ದರಿಂದ ನಾನು ಈ ಹಾಸ್ಟೆಲಿನಲ್ಲಿದ್ದೇನೆ. ಪರದೆಯ ಮೇಲೆ ನಡೆಯುತ್ತಿದ್ದದ್ದು ನಮ್ಮ ಮನೆಯ ಕತೆ. ಕತ್ತಲಲ್ಲಿ ನನ್ನ ಕಣ್ಣು ಒದ್ದೆಯಾಗಿತ್ತು. ಒಬ್ಬ ವೀರ ಹೊಡೆದಾಡಿ ಗೆಲ್ಲಿಸಿಕೊಡುವ ಜಮೀನಿಗೂ, ಅಜ್ಜ ಹರಕು ಕೊಡೆ ಹಿಡಿದು ಕಚೇರಿಗೆ ಅಲೆದು ಗೆದ್ದ ಜಮೀನಿಗೂ ಇರುವ ವ್ಯತ್ಯಾಸದ ಬಗ್ಗೆ ನನಗೆ ಸಿಟ್ಟೂ ಇತ್ತು. 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಬಿಟ್ಟದ್ದು ಗೊತ್ತಿತ್ತು. ಇಷ್ಟೆಲ್ಲ ಇಟ್ಟುಕೊಂಡು ನಾನು ಆಡಿದ್ದು ಹಂಚಿಕೆದಾರನ ಮಾತು. ನನ್ನ ದುಡ್ಡೇನೂ ಆ ಸಿನಿಮಾದಲ್ಲಿ ಹಾಕಿರಲಿಲ್ಲವಲ್ಲ, ಅದು ಓಡಿದರೆ ನನಗೇನು, ಬಿಟ್ಟರೆ ನನಗೇನು?

ಯಾಕೆ ಹೀಗೆ ಎಂದು ಕೇಳಿಕೊಂಡರೆ ನನಗೆ ಸಿಗುವ ಉತ್ತರ, ಹೆದರಿಕೆ. ‘ಇದು ನನಗೆ ಹಿಡಿಸಲಿಲ್ಲ’ ಎಂದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಅಭಿಮಾನಿಗಳು ಮೇಲೆ ಬೀಳುತ್ತಾರೆ, ಪಕ್ಷದವರು ಹಣೆಪಟ್ಟಿ ಹಚ್ಚುತ್ತಾರೆ. ‘ನನಗೆ ಅಳು ಬಂತು’ ಎಂದರೆ ನಮ್ಮಂಥ ಓದಿದವರ ನಡುವೆ ಮರ್ಯಾದೆ ಹೋಗುತ್ತದೆ. ‘ಇದು ಓಡುತ್ತೆ’ ಎಂದರೆ ಯಾವ ಅಪಾಯವೂ ಇಲ್ಲ. ಓಡಿದರೆ ನಾನು ಜಾಣೆ, ಓಡದಿದ್ದರೆ ಜನ ಸರಿಯಿಲ್ಲ.

ಇದಕ್ಕೆ ನಮ್ಮ ಓದೂ ಒಂದು ಹೊದಿಕೆ ಕೊಟ್ಟಿದೆ. ಜನಪ್ರಿಯ ಸಂಸ್ಕೃತಿಯ ಮೇಲೆ ತೀರ್ಪು ಕೊಡಬೇಡಿ, ಜನ ಅದನ್ನು ಹೇಗೆ ಸ್ವೀಕರಿಸುತ್ತಾರೆ ನೋಡಿ ಎಂದು ನಮಗೆ ಕಲಿಸಿದ್ದಾರೆ. ಒಳ್ಳೆಯ ಪಾಠವೇ. ಹಳೆಯ ಮೇಷ್ಟ್ರುಗಳ ಮಡಿವಂತಿಕೆಗೆ ಅದು ತಕ್ಕ ಮದ್ದು. ಆದರೆ ಜನರ ಅಭಿರುಚಿಯನ್ನು ಗೌರವಿಸುವುದು ಬೇರೆ, ಅವರನ್ನು ಕೇಳದೆ ಅವರ ಪರವಾಗಿ ಮಾತಾಡುವುದು ಬೇರೆ. ನಿಜವಾಗಿ ಗೌರವಿಸುವುದಾದರೆ ಅಕ್ಕನ ಎದುರು ಕೂತು, “ನಿಮಗೆ ಹಾಗನ್ನಿಸಿತಾ, ನನಗೆ ಹೀಗನ್ನಿಸಿತು” ಎಂದು ಜಗಳವಾಡಬೇಕು. ಜಗಳಕ್ಕೆ ಇಬ್ಬರು ಬೇಕು. ಊಹೆ ಮಾಡುವವಳು ಜಗಳಕ್ಕೆ ಸಿಗುವುದಿಲ್ಲ. ಅವಳು ಆಗಲೇ ಗ್ಯಾಲರಿ ಹತ್ತಿ ಕೂತಿರುತ್ತಾಳೆ.

ಊಹೆಯಲ್ಲಿ ಮಜಾ ಇಲ್ಲವೇ? ಇದೆ. ಕ್ರಿಕೆಟ್ಟಿನಲ್ಲಿ ನಾನೂ ಬಾಜಿ ಕಟ್ಟುತ್ತೇನೆ. ಆದರೆ ಓಟು ಹಾಕದೆ ಸೀಟು ಎಣಿಸುವುದು, ಅತ್ತು ಬಂದು ಕಲೆಕ್ಷನ್ ಮಾತಾಡುವುದು ಮಜಾ ಅಲ್ಲ. ಅದು ನಮ್ಮದೇ ಬಾಳಿನಿಂದ ತಪ್ಪಿಸಿಕೊಂಡು ಓಡುವುದು.

ಈಗ ನಮ್ಮ ಮೇಜಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ. ಸಿನಿಮಾ, ಚುನಾವಣೆ, ಬಿಗ್‌ಬಾಸ್ ಯಾವ ಮಾತಾದರೂ ಸರಿ, ‘ಜನಕ್ಕೆ’ ಎಂದು ವಾಕ್ಯ ಶುರು ಮಾಡಿದವರು ಮರುದಿನ ಎಲ್ಲರಿಗೂ ಟೀ ಕೊಡಿಸಬೇಕು. ಮೊದಲ ವಾರ ನಾಲ್ಕು ದಿನ ನಾನೇ ಕೊಡಿಸಿದೆ. ಅಕ್ಕ ಒಂದು ದಿನವೂ ಕೊಡಿಸಬೇಕಾಗಿ ಬಂದಿಲ್ಲ.