ಎಳೆಗರುಗಳಿಗೆ ಒಣಹಾಸಿನ ಅವಶ್ಯಕತೆ

ಹಾಲು ಕರೆಯುವ ಹಸುವಿನ ಮೇವು, ಹಿಂಡಿ, ನೀರು ಇವುಗಳ ವಿಷಯದಲ್ಲಿ ರೈತರು ಸಾಮಾನ್ಯವಾಗಿ ಜಾಗರೂಕರಾಗಿಯೇ ಇರುತ್ತಾರೆ. ಆದರೆ ಅದೇ ಕೊಟ್ಟಿಗೆಯ ಮೂಲೆಯಲ್ಲಿ, ಗಂಜಲ ಹರಿದುಬರುವ ಕಡೆಯಲ್ಲಿ ಕಟ್ಟಿರುವ ಎಳೆಗರುವು ಎಂತಹ ನೆಲದ ಮೇಲೆ ಮಲಗುತ್ತಿದೆಯೆಂದು ವಿಚಾರಿಸುವವರು ವಿರಳ. ಕರುವು ಬೇದಿಯಿಂದಲೋ ಕೆಮ್ಮಿನಿಂದಲೋ ಸತ್ತರೆ ದೃಷ್ಟಿದೋಷವೆಂದೋ ಹಣೆಯಬರಹವೆಂದೋ ಹೇಳಿ ಸುಮ್ಮನಾಗುವುದುಂಟು. ಇಂತಹ ಸಾವುಗಳಲ್ಲಿ ಅನೇಕಕ್ಕೆ ಒದ್ದೆನೆಲವು ದಾರಿಮಾಡಿಕೊಡುತ್ತದೆ. ಅದನ್ನು ತಡೆಯುವ ಸಾಧನವಾದರೋ ಹಿಡುವಳಿದಾರನ ಕಣದಲ್ಲಿಯೇ ಬಿದ್ದಿರುತ್ತದೆ.

ಎಳೆಗರುವು ದಿನದ 24 ಗಂಟೆಗಳಲ್ಲಿ ಸುಮಾರು 18 ಗಂಟೆಗಳ ಕಾಲ ಮಲಗಿಯೇ ಇರುತ್ತದೆ. ಹುಟ್ಟಿದಾಗ ಅದರ ಮೈಯಲ್ಲಿ ಕೊಬ್ಬು ಅತ್ಯಲ್ಪ. ಮೊದಲ ಮೂರು ವಾರಗಳಲ್ಲಿ ಸುತ್ತಣ ಉಷ್ಣತೆಯು ಸುಮಾರು 15 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ, ಕುಡಿದ ಹಾಲಿನ ಸತ್ತ್ವವನ್ನು ಬೆಳವಣಿಗೆಗೆ ಬಳಸದೆ ಮೈ ಕಾಯಿಸಿಕೊಳ್ಳುವುದಕ್ಕೆ ವ್ಯಯಮಾಡಬೇಕಾಗುತ್ತದೆ. ಪುಷ್ಯ ಮಾಘ ಮಾಸಗಳಲ್ಲಿ ಬೀದರ್, ವಿಜಯಪುರ, ಚಿಕ್ಕಮಗಳೂರು ಕಡೆಗಳಲ್ಲಿ ರಾತ್ರಿಯ ಚಳಿಯು ಈ ಮಟ್ಟವನ್ನು ಮೀರುವುದು ಅಪರೂಪವಲ್ಲ. ಕೂದಲು ನೆನೆದಿದ್ದರೆ ಮೈಯ ಕಾವು ಇನ್ನೂ ಬೇಗ ಹೊರಟುಹೋಗುತ್ತದೆ. ಅಲ್ಲದೆ ಒಣಗದ ಹೊಕ್ಕುಳಬಳ್ಳಿಯು ಕೊಳಕಿಗೆ ತಗುಲಿದರೆ ಬಾವು ಬಂದು, ರೋಗವು ರಕ್ತಕ್ಕೆ ಹರಡಿ ಕೀಲುಗಳು ಊದಿಕೊಳ್ಳಬಹುದು. ಕೊಳೆತ ಗಂಜಲದಿಂದ ಏಳುವ ಅಮೋನಿಯಾ ವಾಯುವು ಶ್ವಾಸನಾಳವನ್ನು ಕೆರಳಿಸಿ ನ್ಯುಮೋನಿಯಾ ರೋಗಕ್ಕೆ ಅನುಕೂಲಮಾಡಿಕೊಡುತ್ತದೆ.

ಹಿಂದಿನವರು ಹಾಸಿಗೆಯಿಲ್ಲದೆಯೇ ಕರುಗಳನ್ನು ಸಾಕಲಿಲ್ಲವೇ ಎಂದು ಕೆಲವರು ಕೇಳಬಹುದು. ಸಾಕಿದ್ದು ನಿಜ. ಆದರೆ ನಾಟಿ ಹಸುವಿನ ಕರುವು ತಾಯಿಯ ಮಗ್ಗುಲಲ್ಲಿ ಮಲಗಿ, ಮೊಲೆಯುಂಡು, ಹಗಲೆಲ್ಲ ಬಿಸಿಲಿನಲ್ಲಿ ಓಡಾಡಿ, ಗಂಜಲವನ್ನು ಹೀರಿಕೊಳ್ಳುವ ಮಣ್ಣಿನ ನೆಲದ ಮೇಲೆ ಬೆಳೆಯುತ್ತಿತ್ತು. ಇಂದಿನ ಮಿಶ್ರತಳಿಯ ಕರುವನ್ನು ಅನೇಕ ಕಡೆಗಳಲ್ಲಿ ಹುಟ್ಟಿದೊಡನೆ ತಾಯಿಯಿಂದ ಬೇರ್ಪಡಿಸಿ, ಸಿಮೆಂಟಿನ ನೆಲದ ಮೇಲೆ ಕಟ್ಟಿ, ಪಾತ್ರೆಯಲ್ಲಿ ಹಾಲು ಕುಡಿಸುತ್ತಾರೆ. ಆ ನೆಲವನ್ನು ಬೆಳಿಗ್ಗೆ ಸಂಜೆ ತೊಳೆಯುವುದರಿಂದ ಹಸುವಿಗೆ ಶುಚಿತ್ವವು ದೊರೆಯುವುದಾದರೂ ಕರುವಿಗೆ ದೊರೆಯುವುದು ತಂಪು ಮತ್ತು ತೇವ. ಸಾಕುವ ಕ್ರಮವು ಬದಲಾದ ಮೇಲೆ ಹಾಸುವ ಕ್ರಮವೂ ಬದಲಾಗಬೇಕಾದುದು ನ್ಯಾಯ.

ಮೇವಿಗೇ ಹುಲ್ಲು ಸಾಲದಿರುವಾಗ ಅದನ್ನು ಕಾಲಡಿಗೆ ಹಾಕುವುದು ಹೇಗೆಂಬ ಆಕ್ಷೇಪಣೆಯು ತಕ್ಕದ್ದೇ ಆಗಿದೆ. ಬರಗಾಲದ ವರ್ಷದಲ್ಲಿ ಒಳ್ಳೆಯ ರಾಗಿ ಹುಲ್ಲನ್ನು ಹಾಸುವಂತೆ ಯಾರೂ ಹೇಳಲಾರರು. ಆದರೆ ರಾಸುಗಳು ತಿಂದು ಬಿಟ್ಟ ಹುಲ್ಲು, ಬತ್ತದ ಉಮಿ, ಕಬ್ಬಿನ ತರಗು, ಮರಗೆಲಸದವರ ಬಳಿ ದೊರೆಯುವ ಮರದ ಹೊಟ್ಟು, ತೆಂಗಿನ ಸೀಮೆಗಳಲ್ಲಿ ನಾರಿನ ಪುಡಿ, ಇವೆಲ್ಲವೂ ಚೆನ್ನಾಗಿ ಒಣಗಿದ್ದರೆ ಉಪಯೋಗಕ್ಕೆ ಬರುತ್ತವೆ. ಉಮಿ ಮೊದಲಾದ ಸಣ್ಣ ಪದಾರ್ಥಗಳನ್ನು ಕೆಳಗೆ ಹರಡಿ ಮೇಲೆ ಸ್ವಲ್ಪ ಹುಲ್ಲು ಹಾಸುವುದು ಮೇಲು. ಬೂಷ್ಟು ಹಿಡಿದ ಹುಲ್ಲನ್ನು ಮಾತ್ರ ಎಂದಿಗೂ ಹಾಸಕೂಡದು. ಮಲೆನಾಡಿನ ಅಡಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ತಂದ ತರಗೆಲೆಗಳನ್ನು ಕೊಟ್ಟಿಗೆಗೆ ಹಾಸಿ, ಅದನ್ನೇ ಗೊಬ್ಬರಮಾಡಿ ತೋಟಕ್ಕೆ ಹಾಕುತ್ತ ಬಂದಿರುವರು. ಬಯಲುಸೀಮೆಯವರು ಅವರಿಂದ ಕಲಿಯಬೇಕಾದುದಿದೆ.

ಹಾಸಿದ ಹುಲ್ಲು ನಷ್ಟವೆಂದು ಎಣಿಸುವುದು ಸಹ ಸರಿಯಲ್ಲ. ರಾಸಿನ ಮೈಯಿಂದ ಹೊರಬೀಳುವ ಸಾರಜನಕದಲ್ಲಿ ಸುಮಾರು ಅರ್ಧವೂ ಪೊಟ್ಯಾಷಿನ ಬಹುಭಾಗವೂ ಗಂಜಲದಲ್ಲಿರುತ್ತವೆ. ಹಾಸಿಲ್ಲದ ಕೊಟ್ಟಿಗೆಯಲ್ಲಿ ಈ ಸಾರವು ಚರಂಡಿಯ ಪಾಲಾಗುತ್ತದೆ. ಹಾಸಿರುವ ಕೊಟ್ಟಿಗೆಯಲ್ಲಿ ತಿಪ್ಪೆಗೆ ಸೇರಿ ಹೊಲಕ್ಕೆ ಹಿಂದಿರುಗುತ್ತದೆ.

ಹಾಸುವ ಕ್ರಮವು ಕಷ್ಟಕರವಾದುದಲ್ಲ. ಕರುವಿನ ಸ್ಥಳವು ಉಳಿದ ನೆಲಕ್ಕಿಂತ ಸ್ವಲ್ಪ ಎತ್ತರವಾಗಿಯೂ ಇಳಿಜಾರಾಗಿಯೂ ಇರತಕ್ಕದ್ದು. ಅರ್ಧ ಅಡಿಗೆ ಕಡಮೆಯಿಲ್ಲದಂತೆ ಹಾಸಬೇಕು. ಚಳಿಗಾಲದಲ್ಲಿ ಕರುವು ಮಲಗಿದಾಗ ಅದರ ಮಡಿಸಿದ ಕಾಲುಗಳು ಹುಲ್ಲಿನಲ್ಲಿ ಹುದುಗಿಹೋಗುವಷ್ಟು ದಪ್ಪನಾಗಿದ್ದರೆ, ಹುಲ್ಲಿನ ನಡುವಣ ಬೆಚ್ಚನೆಯ ಗಾಳಿಯೇ ಅದಕ್ಕೆ ಹೊದಿಕೆಯಾಗುತ್ತದೆ. ದಿನವೂ ಒದ್ದೆಯಾದ ಭಾಗವನ್ನು ತೆಗೆದು ಒಣಗಿದ್ದನ್ನು ಸೇರಿಸಬೇಕು. ಒಂದು ಕರುವನ್ನು ಬಿಡಿಸಿ ಮತ್ತೊಂದನ್ನು ಕಟ್ಟುವ ಮೊದಲು ಎಲ್ಲವನ್ನೂ ತೆಗೆದುಹಾಕಿ, ನೆಲಕ್ಕೆ ಸುಣ್ಣ ಬಳಿದು ಒಣಗಿಸಬೇಕು. ಹಾಸು ಒಣಗಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುವುದು ಸುಲಭ. ಯಜಮಾನನು ಅದರ ಮೇಲೆ 20 ಎಣಿಸುವವರೆಗೆ ಮಂಡಿಯೂರಿ ಕುಳಿತು ಏಳಲಿ. ಪಂಚೆಯು ತೇವವಾಗಿದ್ದರೆ ಕರುವಿನ ಮೈಯೂ ತೇವವಾಗಿದೆಯೆಂದು ತಿಳಿಯಬೇಕು.

ಹಾಸೊಂದರಿಂದಲೇ ಕರುವು ಬದುಕುವುದೆಂದು ಹೇಳಲಾಗುವುದಿಲ್ಲ. ತಾಯಿಯ ಗರ್ಭದಲ್ಲಿ ಕರುವಿಗೆ ರೋಗನಿರೋಧಕ ಶಕ್ತಿಯು ದೊರೆಯುವುದಿಲ್ಲವಾದ್ದರಿಂದ, ಹುಟ್ಟಿದ ಒಂದೆರಡು ಗಂಟೆಗಳೊಳಗಾಗಿ ಗಿಣ್ಣುಹಾಲನ್ನು ಅದರ ತೂಕದ ಹತ್ತನೆಯ ಒಂದು ಪಾಲಿನಷ್ಟು, ಎಂದರೆ 30 ಕಿಲೋಗ್ರಾಮಿನ ಕರುವಿಗೆ ಸುಮಾರು 3 ಲೀಟರಿನಷ್ಟು, ಕುಡಿಸತಕ್ಕದ್ದು. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚತಕ್ಕದ್ದು. ಆದರೆ ಹೀಗೆ ಪಡೆದ ಶಕ್ತಿಯನ್ನು ಒದ್ದೆನೆಲದ ಮೇಲೆ ವ್ಯರ್ಥಮಾಡುವುದು ವಿವೇಕವಲ್ಲ.

ಚೆನ್ನಾಗಿ ಬೆಳೆದ ಮಿಶ್ರತಳಿಯ ಹೆಣ್ಣುಕರುವು ಸುಮಾರು ಎರಡೂವರೆ ವರ್ಷಕ್ಕೆ ತಾನೇ ಕರು ಹಾಕುತ್ತದೆ. ಅದನ್ನು ಕಳೆದುಕೊಂಡವನು ಸಂತೆಯಲ್ಲಿ ಸಾಲದ ಹಣದಿಂದ ಗುಣವರಿಯದ ಹಸುವನ್ನು ಕೊಳ್ಳಬೇಕಾಗುತ್ತದೆ. ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಮೊದಲು ತಮ್ಮ ಕೊಟ್ಟಿಗೆಗಳಲ್ಲಿ ಈ ಕ್ರಮವನ್ನು ಆಚರಣೆಗೆ ತಂದರೆ, ಒಂದೆರಡು ಹಸುಗಳನ್ನು ಮಾತ್ರ ಕಟ್ಟಿಕೊಂಡಿರುವ ಬಡರೈತನು ಕಣ್ಣಾರೆ ಕಂಡು ಅನುಸರಿಸುವನು. ಹುಲ್ಲಿನ ಅಭಾವವಿರುವವರಿಗೆ ಒಂದೆರಡು ಹೊರೆ ಉಮಿಯನ್ನೋ ತರಗನ್ನೋ ಕೊಡುವುದು ಉಳ್ಳವರಿಗೆ ಭಾರವಾಗದು. ಊರಿನ ಮುಂದಿನ ಹಾಲು ಇಂದಿನ ಕರುವಿನ ಹಾಸಿನಲ್ಲಿದೆಯೆಂಬುದನ್ನು ಹಿರಿಯರು ಮನಗಾಣಬೇಕು.